‘ಸಿತಾರೆ ಜಮೀನ್ ಪರ್’ ರೀಮೇಕ್ ಜಗಳ: ನಕಲಾಗಿದ್ದು ಕತೆಯೋ, ನಗುವೋ?

ಟ್ರೇಲರ್ ಬಂದಾಗಲೇ ಜಗಳ ಶುರುವಾಗಿತ್ತು. ಆಮಿರ್ ಖಾನ್ ಅವರ ‘ಸಿತಾರೆ ಜಮೀನ್ ಪರ್’ ಚಿತ್ರದ ತುಣುಕುಗಳನ್ನು ಅಮೆರಿಕದ ‘ಚಾಂಪಿಯನ್ಸ್’ ಚಿತ್ರದ ಪಕ್ಕಕ್ಕಿಟ್ಟು, ‘ನೋಡಿ, ಫ್ರೇಮಿಗೆ ಫ್ರೇಮ್ ಕಾಪಿ’ ಎಂದು ಜನ ಹಂಚತೊಡಗಿದರು. 2025ರ ಜೂನ್ 20ಕ್ಕೆ ಚಿತ್ರ ತೆರೆಗೆ ಬಂತು. ಕೆಲವರು ಕಣ್ಣೊರೆಸಿಕೊಂಡು ಹೊರಬಂದರು. ಕೆಲವರು ‘ಇದನ್ನು ಮೊದಲೇ ನೋಡಿದ್ದೆವಲ್ಲ’ ಎಂದು ಮೂಗು ಮುರಿದರು. ಗಳಿಕೆ ಮಾತ್ರ ದೇಶದೊಳಗೇ 150 ಕೋಟಿ ರೂಪಾಯಿ ದಾಟಿತು.

ಗೊಂದಲ ಇರುವುದು ಇಲ್ಲೇ. ಇದೇ ಆಮಿರ್ 2022ರಲ್ಲಿ ‘ಫಾರೆಸ್ಟ್ ಗಂಪ್’ ಚಿತ್ರವನ್ನು ಹಕ್ಕು ಪಡೆದೇ ‘ಲಾಲ್ ಸಿಂಗ್ ಚಡ್ಡಾ’ ಎಂದು ಹಿಂದಿಗೆ ತಂದಿದ್ದರು. ಅದು ಮಕಾಡೆ ಮಲಗಿತು. ಮೂರು ವರ್ಷದ ನಂತರ ಇನ್ನೊಂದು ರೀಮೇಕ್ ಗೆದ್ದಿತು, ಅದೂ ‘ಕಾಪಿ’ ಎಂಬ ಬೈಗುಳದ ನಡುವೆ. ಹಾಗಾದರೆ ಜನರಿಗೆ ರೀಮೇಕ್ ಬೇಕೋ ಬೇಡವೋ? ಈ ಒಂದು ಬೈಗುಳದೊಳಗೆ ಮೂರ್ನಾಲ್ಕು ಬೇರೆ ಬೇರೆ ದೂರುಗಳು ಕಲಸಿಹೋಗಿವೆ. ಅವನ್ನು ಬಿಡಿಸಿಕೊಳ್ಳದೆ ಉತ್ತರ ಸಿಗುವುದಿಲ್ಲ.

ಕತೆ ಬಂದ ದಾರಿ

ಮೂಲ ಚಿತ್ರ ಸ್ಪೇನಿನದು. ಹೆಸರು ‘ಕಾಂಪಿಯೋನೆಸ್’, ನಿರ್ದೇಶಕ ಹಾವಿಯೆರ್ ಫೆಸ್ಸೆರ್, ಬಂದದ್ದು 2018ರಲ್ಲಿ. ಸಿಡುಕು ಸ್ವಭಾವದ ಬಾಸ್ಕೆಟ್‌ಬಾಲ್ ಕೋಚ್ ಒಬ್ಬ ಪಂದ್ಯದ ನಡುವೆಯೇ ಹಿರಿಯ ಕೋಚ್ ಜೊತೆ ಕೈ ಮಿಲಾಯಿಸುತ್ತಾನೆ, ಕುಡಿದು ಗಾಡಿ ಓಡಿಸಿ ಪೊಲೀಸ್ ಕಾರಿಗೇ ಗುದ್ದುತ್ತಾನೆ. ಬೌದ್ಧಿಕ ಅಂಗವೈಕಲ್ಯ ಇರುವವರ ತಂಡಕ್ಕೆ ತರಬೇತಿ ಕೊಡು ಎಂದು ಕೋರ್ಟು ಶಿಕ್ಷೆ ಕೊಡುತ್ತದೆ. ಬೇಡದ ಕೆಲಸ, ಕೈಗೆ ಸಿಗದ ತಂಡ. ನಿಧಾನಕ್ಕೆ ಬದಲಾಗುವವನು ಕೋಚ್. ತಂಡದವರಾಗಿ ನಟಿಸಿದವರು ನಿಜವಾಗಿಯೂ ವಿಕಲಚೇತನರು.

ಸ್ಪೇನಿನಲ್ಲಿ ಅದನ್ನು 30 ಲಕ್ಷಕ್ಕೂ ಜಾಸ್ತಿ ಜನ ಥಿಯೇಟರಿಗೆ ಹೋಗಿ ನೋಡಿದರು. ಅಲ್ಲಿನ ದೊಡ್ಡ ಸಿನಿಮಾ ಗೌರವವಾದ ಗೋಯಾ ಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಚಿತ್ರ ಎನಿಸಿತು. ಆ ದೇಶದಿಂದ ಆಸ್ಕರ್‌ಗೂ ಅದೇ ಹೋಯಿತು. ಇಷ್ಟು ಗೆದ್ದ ಕತೆಯನ್ನು ಬೇರೆಯವರು ಸುಮ್ನೆ ಬಿಡುತ್ತಾರೆಯೇ? ಜರ್ಮನಿಯಲ್ಲಿ ಟೀವಿಗೆ ಒಂದು ರೀಮೇಕ್ ಆಯಿತು. 2023ರಲ್ಲಿ ಬಾಬಿ ಫ್ಯಾರೆಲ್ಲಿ ನಿರ್ದೇಶನದಲ್ಲಿ ವುಡಿ ಹ್ಯಾರೆಲ್ಸನ್ ಕೋಚ್ ಆಗಿ ‘ಚಾಂಪಿಯನ್ಸ್’ ಬಂತು. ಆಮೇಲೆ ದೆಹಲಿಯ ಕತೆಯಾಗಿ ಹಿಂದಿಗೆ. ನಿರ್ದೇಶಕ ಆರ್. ಎಸ್. ಪ್ರಸನ್ನ ಅವರಿಗೆ ರೀಮೇಕ್ ಹೊಸದಲ್ಲ. ತಮಿಳಿನಲ್ಲಿ ತಾವೇ ಮಾಡಿದ್ದ ‘ಕಲ್ಯಾಣ ಸಮಯಲ್ ಸಾದಂ’ ಚಿತ್ರವನ್ನು 2017ರಲ್ಲಿ ‘ಶುಭ್ ಮಂಗಲ್ ಸಾವಧಾನ್’ ಎಂದು ಹಿಂದಿಗೆ ತಂದವರು ಅವರೇ.

ಹೆಸರಿನಿಂದಲೂ ಒಂದು ಗೊಂದಲ ಹುಟ್ಟಿತು. ‘ಸಿತಾರೆ’ ಎಂದಕೂಡಲೇ ಜನ 2007ರ ‘ತಾರೆ ಜಮೀನ್ ಪರ್’ ಚಿತ್ರದ ಮುಂದಿನ ಭಾಗ ಎಂದುಕೊಂಡರು. ಕತೆಯ ಮಟ್ಟಿಗೆ ಎರಡಕ್ಕೂ ಸಂಬಂಧವಿಲ್ಲ. ಆ ಹಳೆಯ ಪ್ರೀತಿಯನ್ನು ಹೊಸ ಚಿತ್ರಕ್ಕೆ ಬಂಡವಾಳ ಮಾಡಿಕೊಂಡರು, ಅಷ್ಟೇ. ಇದು ವ್ಯಾಪಾರದ ಜಾಣತನ. ಆದರೆ ಸ್ವಂತ ಕತೆ ಇರಬಹುದು ಎಂದು ಕಾದವರಿಗೆ ರೀಮೇಕ್ ಎಂದು ಗೊತ್ತಾದಾಗ ಆದ ಬೇಸರವನ್ನು ದುಪ್ಪಟ್ಟು ಮಾಡಿದ್ದೂ ಇದೇ.

‘ಕಾಪಿ’ ಎನ್ನುವವರ ವಾದ

ಮೊದಲು ಕಾನೂನಿನ ಮಾತು ಮುಗಿಸೋಣ. ಇದು ಘೋಷಿಸಿಕೊಂಡೇ ಮಾಡಿದ ಅಧಿಕೃತ ರೀಮೇಕ್. ಕಳ್ಳತನ ಎನ್ನಲು ಬರುವುದಿಲ್ಲ. ಕತೆಯ ಎಳೆ, ವಿಷಯ, ಕಲ್ಪನೆ ಯಾರೊಬ್ಬರ ಆಸ್ತಿಯೂ ಅಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಹಕ್ಕುಸ್ವಾಮ್ಯ ಎಂದು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲೇ, ಆರ್. ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಹೇಳಿದ ರೀತಿಯೂ ಬೇಕು ಎಂದರೆ ದುಡ್ಡು ಕೊಟ್ಟು ಹಕ್ಕು ತರಬೇಕು.

ಹಾಗಾಗಿ ದೂರು ಇರುವುದು ಹಕ್ಕಿನ ಬಗ್ಗೆ ಅಲ್ಲ, ಸೋಮಾರಿತನದ ಬಗ್ಗೆ. ಒಂದು ದೃಶ್ಯ ನೋಡಿ. ಸ್ಪೇನಿನ ಚಿತ್ರದ ತಂಡದಲ್ಲೊಬ್ಬ ಹುಡುಗ. ನೀರೆಂದರೆ ಅವನಿಗೆ ಭಯ, ಸ್ನಾನವನ್ನೇ ಬಿಟ್ಟಿದ್ದಾನೆ. ಹತ್ತಿರ ಹೋದವರು ಮೂಗು ಮುಚ್ಚಿಕೊಳ್ಳಬೇಕು. ಆದರೆ ಪ್ರಾಣಿಗಳೆಂದರೆ ಜೀವ ಬಿಡುತ್ತಾನೆ. ಕೋಚ್ ಒಂದು ಇಲಿಯ ನೆಪ ಮಾಡಿ ಅವನನ್ನು ಶವರ್ ಕೆಳಗೆ ಬರುವಂತೆ ಮಾಡುತ್ತಾನೆ. ಅಮೆರಿಕದ ಹುಡುಗನಿಗೂ ಅದೇ ಭಯ, ಅದೇ ಇಲಿ. ದೆಹಲಿಯ ಗುಡ್ಡುವಿಗೂ ಅದೇ. ಲಿಫ್ಟ್ ಹತ್ತಲು ಹೆದರುವ ಕೋಚ್ ಸ್ಪೇನಿನಲ್ಲೂ ಇದ್ದಾನೆ, ದೆಹಲಿಯಲ್ಲೂ ಇದ್ದಾನೆ. ಒಂದು ಊರಿನ ಇಲಿ, ಒಂದು ಊರಿನ ಲಿಫ್ಟು ಇನ್ನೊಂದು ಊರಿಗೆ ಬರುವಾಗ ಸ್ವಲ್ಪವಾದರೂ ಬೇರೆ ಆಗಬೇಕಿತ್ತಲ್ಲ ಎಂಬುದು ಆಕ್ಷೇಪ. ಇದರಲ್ಲಿ ಹುರುಳಿದೆ.

ಎದುರು ಪಕ್ಷದವರ ಉತ್ತರವೂ ಸರಳ. ಹಿಂದಿ ನೋಡುಗರಲ್ಲಿ ಸ್ಪ್ಯಾನಿಷ್ ಚಿತ್ರ ನೋಡಿದವರು ಎಷ್ಟು ಮಂದಿ? ಮೊದಲ ಸಲ ನೋಡುವವನಿಗೆ ಅದು ಹೊಸದೇ. ಜೊತೆಗೆ ದೆಹಲಿಯ ಪಂಜಾಬಿ ಮನೆ, ಡಾಲಿ ಅಹ್ಲುವಾಲಿಯಾ ಅವರ ತಾಯಿ ಪಾತ್ರದ ತಮಾಷೆ, ಇವೆಲ್ಲ ಇಲ್ಲಿಯವೇ. ಈ ಮಾತೂ ಸುಳ್ಳಲ್ಲ.

ಮೂಲಕ್ಕೂ ಒಂದು ಮೂಲ

ಇಬ್ಬರೂ ಮರೆಯುವ ಸಂಗತಿಯೊಂದಿದೆ. ಆ ಸ್ಪ್ಯಾನಿಷ್ ‘ಮೂಲ’ವೂ ಶೂನ್ಯದಿಂದ ಹುಟ್ಟಿದ್ದಲ್ಲ.

ಕುಡಿದು ಗಾಡಿ ಓಡಿಸಿದವನಿಗೆ ಶಿಕ್ಷೆಯಾಗಿ ಒಂದು ತಂಡದ ತರಬೇತಿ. ಇದು 1992ರ ಹಾಲಿವುಡ್ ಚಿತ್ರ ‘ದ ಮೈಟಿ ಡಕ್ಸ್’ ಕತೆಯ ಶುರು. ಅಲ್ಲಿ ವಕೀಲ, ಮಕ್ಕಳ ಐಸ್ ಹಾಕಿ ತಂಡ. ಇಲ್ಲಿ ಕೋಚ್, ಬಾಸ್ಕೆಟ್‌ಬಾಲ್ ತಂಡ. ಇನ್ನು ಕೊನೆ. ‘ಕಾಂಪಿಯೋನೆಸ್’ ತಂಡ ಫೈನಲ್ ಸೋಲುತ್ತದೆ, ಸೋತವರು ಗೆದ್ದವರನ್ನು ಅಪ್ಪಿಕೊಂಡು ಕುಣಿಯುತ್ತಾರೆ. ಹಿಂದಿಯಲ್ಲೂ ಅದೇ. ಸೋತು ಸಂಭ್ರಮಿಸುವ ಈ ಕೊನೆಯನ್ನು 1976ರಲ್ಲೇ ‘ದ ಬ್ಯಾಡ್ ನ್ಯೂಸ್ ಬೇರ್ಸ್’ ತೋರಿಸಿತ್ತು. ವಾಲ್ಟರ್ ಮ್ಯಾಥೌ ಆಡಿದ ಕುಡುಕ ಕೋಚ್, ಬಾಯಿಬಡುಕ ಮಕ್ಕಳ ಬೇಸ್‌ಬಾಲ್ ತಂಡ, ಕೊನೆಗೆ ಸೋಲು. ಸೋತ ಮಕ್ಕಳು ತಲೆ ತಗ್ಗಿಸುವುದಿಲ್ಲ, ಟ್ರೋಫಿ ನೀವೇ ಇಟ್ಟುಕೊಳ್ಳಿ ಎಂದು ಗೆದ್ದವರಿಗೇ ಬಯ್ದು ಗಲಾಟೆ ಮಾಡುತ್ತಾರೆ.

ಅಂದರೆ ಕ್ರೀಡಾ ಹಾಸ್ಯಚಿತ್ರದ ಕತೆ ಯಾವತ್ತೂ ಸಾಲದ್ದೇ. ಕೆಲಸಕ್ಕೆ ಬಾರದ ತಂಡ, ಕೆಟ್ಟ ಕೋಚ್, ತರಬೇತಿ, ಕೊನೆಯ ಪಂದ್ಯ. ಯಕ್ಷಗಾನ ನೋಡಲು ಕೂತವನಿಗೆ ಪ್ರಸಂಗ ಮೊದಲೇ ಗೊತ್ತಿರುತ್ತದೆ, ಅವನು ಬಂದಿರುವುದು ಇವತ್ತಿನ ವೇಷಧಾರಿ ಏನು ಮಾಡುತ್ತಾನೆ ಎಂದು ನೋಡಲಿಕ್ಕೆ. ಇಲ್ಲೂ ಹಾಗೆಯೇ. ಹೀಗಾಗಿ ಕತೆ ಒಂದೇ ಇದೆ ಎಂದು ದೂರುವುದರಿಂದ ಜಾಸ್ತಿ ದೂರ ಹೋಗಲಾಗದು. ಕೇಳಬೇಕಾದ್ದು ಬೇರೆ: ಎರವಲು ತರಲಾಗದ ಸಂಗತಿ ಯಾವುದು, ಅದನ್ನು ರೀಮೇಕ್ ಏನು ಮಾಡಿತು?

ಹಾಲಿವುಡ್‌ನ ಹಳೆಯ ಪಾಠ

ಇದಕ್ಕೆ ಒಳ್ಳೆಯ ಉದಾಹರಣೆ ‘ದ ಲಾಂಗೆಸ್ಟ್ ಯಾರ್ಡ್’. 1974ರ ಚಿತ್ರದಲ್ಲಿ ಜೈಲಿನ ಕೈದಿಗಳು ಕಾವಲುಗಾರರ ವಿರುದ್ಧ ಅಮೆರಿಕನ್ ಫುಟ್‌ಬಾಲ್ ಆಡುತ್ತಾರೆ. ನಾಯಕ ಬರ್ಟ್ ರೆನಾಲ್ಡ್ಸ್ ಕಾಲೇಜು ದಿನಗಳಲ್ಲಿ ನಿಜಕ್ಕೂ ಆ ಆಟ ಆಡಿದವರು. ಅದು ನಗಿಸುವ ಚಿತ್ರವೇ, ಹಾಸ್ಯ ವಿಭಾಗದಲ್ಲೇ ಗೋಲ್ಡನ್ ಗ್ಲೋಬ್ ಗೆದ್ದಿತು. ಆದರೆ ಆ ನಗುವಿನ ಅಡಿಯಲ್ಲಿ ಸಿಟ್ಟಿತ್ತು. ವಾಟರ್‌ಗೇಟ್ ಹಗರಣದಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟ ವರ್ಷ ಅದು. ಅಧಿಕಾರದಲ್ಲಿರುವವರನ್ನು ಯಾರೂ ನಂಬುತ್ತಿರಲಿಲ್ಲ. ಜೈಲಿನ ಮುಖ್ಯಾಧಿಕಾರಿ ಸೋಲುವುದನ್ನು ನೋಡಿ ಜನ ಖುಷಿಪಟ್ಟದ್ದಕ್ಕೆ ಆಟ ಒಂದೇ ಕಾರಣವಲ್ಲ.

2005ರಲ್ಲಿ ಆಡಮ್ ಸ್ಯಾಂಡ್ಲರ್ ಅದನ್ನೇ ಪೂರ್ತಿ ತಮಾಷೆಯಾಗಿ ಮತ್ತೆ ಮಾಡಿದರು. ದುಡ್ಡು ಧಾರಾಳವಾಗಿ ಬಂತು, ವಿಮರ್ಶಕರು ತಲೆ ಚಚ್ಚಿಕೊಂಡರು. ಕಿರಿಯರಿಗೆ ಜೋಕುಗಳು ಹಿಡಿಸಿದವು, ಹಳೆಯದನ್ನು ನೋಡಿದ್ದವರಿಗೆ ಏನೋ ಕಾಣೆಯಾದಂತೆ ಅನ್ನಿಸಿತು. ಕತೆ ಅದೇ, ಪಂದ್ಯ ಅದೇ, ರೆನಾಲ್ಡ್ಸ್ ಕೂಡ ಕೋಚ್ ಪಾತ್ರದಲ್ಲಿದ್ದಾರೆ. ಆ ಪಾತ್ರಕ್ಕೆ ಅವರ ಹೆಸರು ಅತಿ ಕೆಟ್ಟ ಚಿತ್ರಗಳಿಗೆ ಕೊಡುವ ರಾಜ್ಜಿ ಪಟ್ಟಿಗೂ ಹೋಯಿತು, ಪಾಪ. ಕಾಣೆಯಾಗಿದ್ದು ಆ ಸಿಟ್ಟು. ಸಿಟ್ಟಿಗೆ ಹಕ್ಕುಪತ್ರ ಇರುವುದಿಲ್ಲ, ದುಡ್ಡು ಕೊಟ್ಟು ತರಲಾಗುವುದಿಲ್ಲ.

ಸ್ಪೇನಿನಿಂದ ಬಾರದೇ ಉಳಿದದ್ದು

‘ಕಾಂಪಿಯೋನೆಸ್’ ಚಿತ್ರದ ಹಿಂದೆಯೂ ಇಂಥದ್ದೊಂದು ಇದೆ. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರ ಬಾಸ್ಕೆಟ್‌ಬಾಲ್ ಚಿನ್ನವನ್ನು ಸ್ಪೇನ್ ಗೆದ್ದಿತು. ಕೆಲವೇ ದಿನಗಳಲ್ಲಿ ಬಣ್ಣ ಬಯಲಾಯಿತು. ತಂಡದ 12 ಮಂದಿಯಲ್ಲಿ 10 ಮಂದಿಗೆ ಯಾವ ಅಂಗವೈಕಲ್ಯವೂ ಇರಲಿಲ್ಲ. ಬಯಲು ಮಾಡಿದವನು ಅದೇ ತಂಡದಲ್ಲಿ ಆಡಿದ್ದ ಪತ್ರಕರ್ತ. ಪದಕ ವಾಪಸ್ ಹೋಯಿತು. ನಿಜವಾಗಿ ಅಂಗವೈಕಲ್ಯ ಇದ್ದ ಇಬ್ಬರೂ ಪದಕ ಕಳೆದುಕೊಂಡರು. ಅಷ್ಟಕ್ಕೇ ಮುಗಿಯಲಿಲ್ಲ. ಜಗತ್ತಿನ ಎಲ್ಲ ಬೌದ್ಧಿಕ ಅಂಗವಿಕಲ ಕ್ರೀಡಾಪಟುಗಳನ್ನೂ ಪ್ಯಾರಾಲಿಂಪಿಕ್ಸ್‌ನಿಂದ ಹೊರಗಿಟ್ಟರು. 2012ರ ಲಂಡನ್ ಕೂಟಕ್ಕೆ ಅಥ್ಲೆಟಿಕ್ಸ್, ಈಜು, ಟೇಬಲ್ ಟೆನಿಸ್ ಮಾತ್ರ ವಾಪಸ್ ಬಂದವು.

ಗೆಲ್ಲಲೇಬೇಕು ಎಂಬ ಹಟಕ್ಕೆ ಬಿದ್ದವರು ಈ ಆಟಗಾರರ ಜಾಗವನ್ನೇ ಕದ್ದ ದೇಶ ಅದು. ಅಂಥ ದೇಶದಲ್ಲಿ ಅಸಲಿ ಆಟಗಾರರ ತಂಡವೊಂದು ಫೈನಲ್ ಸೋತು ಕುಣಿಯುತ್ತದೆ. ಸ್ಪೇನಿನ ನೋಡುಗನಿಗೆ ಅದು ಬರೀ ಮುದ್ದಾದ ದೃಶ್ಯ ಆಗಿರಲಿಕ್ಕಿಲ್ಲ. ನಮಗೆ ಆ ನೆನಪಿಲ್ಲ, ಆದ್ದರಿಂದ ನಮ್ಮ ಪಾಲಿಗೆ ಮುದ್ದು ಉಳಿಯಿತು, ಚುಚ್ಚು ಹೋಯಿತು. ಆ ಜಾಗದಲ್ಲಿ ನಮ್ಮದೇ ಚುಚ್ಚನ್ನು ಇಡಬಹುದಿತ್ತು. ನಮ್ಮಲ್ಲಿ ಕೊರತೆಯೇ? ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅಲೆದಾಟ, ವಿಶೇಷ ಮಕ್ಕಳನ್ನು ಸೇರಿಸಿಕೊಳ್ಳದ ಶಾಲೆ, ಮನೆಗೆ ನೆಂಟರು ಬಂದರೆ ಮಗನನ್ನು ಒಳಗೆ ಕೂರಿಸುವ ಅಪ್ಪ. ಹಿಂದಿ ಚಿತ್ರದ ದೊಡ್ಡ ಸೋಲು ಇಲ್ಲಿದೆ. ಅದು ದೃಶ್ಯಗಳನ್ನು ಕಾಪಿ ಮಾಡಿದ್ದಕ್ಕಿಂತ, ಖಾಲಿಯಾದ ಜಾಗವನ್ನು ಖಾಲಿಯೇ ಬಿಟ್ಟದ್ದು ನಷ್ಟ.

ಯಾರ ಮೇಲೆ ನಗು?

ಇನ್ನೊಂದು ದೂರು ಇನ್ನೂ ಸೂಕ್ಷ್ಮ. ಅಂಗವಿಕಲರನ್ನು ಇಟ್ಟುಕೊಂಡು ಹಾಸ್ಯ ಮಾಡಬಹುದೇ?

ಇದಕ್ಕೆ ಕಾನೂನಿನಲ್ಲಿ ಈಗ ಒಂದು ಅಳತೆಗೋಲಿದೆ. ‘ಆಂಖ್ ಮಿಚೋಲಿ’ ಎಂಬ ಹಿಂದಿ ಚಿತ್ರದ ವಿರುದ್ಧದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ತೀರ್ಪು ಕೊಟ್ಟಿತು. ಆಗಿನ ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರಿದ್ದ ಪೀಠ ಎರಡು ಬಗೆಯ ನಗುವನ್ನು ಬೇರೆ ಮಾಡಿತು. ಅಂಗವೈಕಲ್ಯದ ಬಗ್ಗೆ ನಮ್ಮ ತಪ್ಪು ತಿಳಿವಳಿಕೆಯನ್ನು ಅಲುಗಾಡಿಸುವ ಹಾಸ್ಯ ಒಂದು. ಅಂಗವಿಕಲರನ್ನೇ ಕುಗ್ಗಿಸುವ ಹಾಸ್ಯ ಇನ್ನೊಂದು. ಮೊದಲನೆಯದು ಸರಿ, ಎರಡನೆಯದು ತಪ್ಪು. ಇಂಥ ಪಾತ್ರಗಳನ್ನು ಕಟ್ಟುವಾಗ ಅವರನ್ನೇ ಕೇಳಿ ಕಟ್ಟಿ ಎಂದೂ ಹೇಳಿತು.

ಈ ಅಳತೆಯಲ್ಲಿ ‘ಸಿತಾರೆ’ ಬಹುಮಟ್ಟಿಗೆ ಪಾಸಾಗುತ್ತದೆ. ಜೋಕುಗಳ ಗುರಿ ಹೆಚ್ಚಾಗಿ ಆಮಿರ್ ಮಾಡಿದ ಕೋಚ್ ಗುಲ್ಶನ್. ಅವನ ಕುಳ್ಳು ಮೈಕಟ್ಟನ್ನು ಆಡಿಕೊಳ್ಳುತ್ತಾರೆ, ಅವನ ಸಿಟ್ಟು ನಗೆಪಾಟಲಾಗುತ್ತದೆ. ಕೋರ್ಟಿನಲ್ಲಿ ತಂಡದವರನ್ನು ‘ಪಾಗಲ್’ ಎಂದು ಕರೆದು ಬೈಸಿಕೊಳ್ಳುವವನೂ ಅವನೇ. ತಂಡದಲ್ಲಿರುವ ಹತ್ತು ಮಂದಿ ಆಟಿಸಂ, ಡೌನ್ ಸಿಂಡ್ರೋಮ್‌ನಂಥ ಭಿನ್ನತೆ ನಿಜವಾಗಿಯೂ ಇರುವ ನಟರೇ. ಗುಡ್ಡು ಪಾತ್ರದ ಗೋಪಿಕೃಷ್ಣನ್ ವರ್ಮಾ 2021ರಲ್ಲೇ ಮಲಯಾಳಂನ ‘ತಿರಿಕೆ’ ಚಿತ್ರದಲ್ಲಿ ಮುಖ್ಯ ಪಾತ್ರ ಮಾಡಿದ್ದವರು. ದೊಡ್ಡ ಸ್ಟಾರ್‌ಗಳೇ ಕೈಕಾಲು ತಿರುಚಿಕೊಂಡು ಇಂಥ ಪಾತ್ರ ಮಾಡಿ ಪ್ರಶಸ್ತಿ ಪಡೆಯುತ್ತಿದ್ದ ಕಾಲ ನಮ್ಮ ಕಣ್ಣೆದುರೇ ಇತ್ತು, ಅಲ್ವಾ? ಅದಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ. ‘ಚಿತ್ರ ಇಷ್ಟವಾಯಿತು’ ಎಂದವರ ಮಾತಿನಲ್ಲಿ ಮತ್ತೆ ಮತ್ತೆ ಬಂದದ್ದೂ ಈ ಹತ್ತು ಜನರ ಹೆಸರೇ.

ಕೋಚ್ ಕತೆಯೋ, ತಂಡದ ಕತೆಯೋ

ಅಂಗವಿಕಲರ ಹಕ್ಕುಗಳ ಬಗ್ಗೆ ಯೋಚಿಸುವವರ ಆಕ್ಷೇಪ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಟರು ಅಸಲಿ, ಸರಿ. ಆದರೆ ಕತೆ ಯಾರದು? ಬದಲಾಗುವವನು ಕೋಚ್, ಹೆಂಡತಿ ಜೊತೆ ಸರಿಹೋಗುವವನು ಕೋಚ್, ಪಾಠ ಕಲಿಯುವವನು ಕೋಚ್. ಹತ್ತು ಮಂದಿ ಇರುವುದು ಅವನಿಗೆ ಪಾಠ ಹೇಳಿಕೊಡಲಿಕ್ಕೆ. ಈ ದೋಷ ಸ್ಪೇನಿನಿಂದಲೇ ಬಂದದ್ದು. ಹಿಂದಿಗೆ ಬರುವಾಗ ಕೋಚ್ ಜಾಗದಲ್ಲಿ ಆಮಿರ್ ಖಾನ್ ನಿಂತಿದ್ದರಿಂದ ಕ್ಯಾಮೆರಾ ಇನ್ನೂ ಅತ್ತಲೇ ವಾಲಿತು.

ಸ್ಪೇನಿನಲ್ಲಿ ನಡೆದ ಒಂದು ಘಟನೆ ಇದನ್ನು ಎಲ್ಲ ವಿಮರ್ಶೆಗಿಂತ ಚೆನ್ನಾಗಿ ತೋರಿಸುತ್ತದೆ. ಮೂಲ ಚಿತ್ರದ ಕೋಚ್‌ಗೆ ಅಪ್ಪನಾಗಲು ಭಯ. ಹುಟ್ಟುವ ಮಗು ಹೀಗಿದ್ದರೆ ಏನು ಗತಿ ಎಂಬ ಭಯ. ಆಗ ತಂಡದವನೊಬ್ಬ ಹೇಳುತ್ತಾನೆ, ನಮ್ಮಂಥ ಮಗ ಹುಟ್ಟುವುದು ನನಗೂ ಬೇಡ, ಆದರೆ ನಿನ್ನಂಥ ಅಪ್ಪ ಬೇಕು ಎಂಬ ಅರ್ಥದಲ್ಲಿ. ಥಿಯೇಟರಿನಲ್ಲಿ ಕಣ್ಣೀರು ಹರಿಸುವ ಮಾತು. ಅದೇ ಚಿತ್ರದ ನಟ ಹೆಸುಸ್ ವಿದಾಲ್ ಅವರಿಗೆ ಕಣ್ಣಿನ ದೃಷ್ಟಿ ತೀರಾ ಕಡಿಮೆ. 2019ರ ಫೆಬ್ರವರಿಯಲ್ಲಿ ಸೆವಿಯಾ ನಗರದ ಗೋಯಾ ಸಮಾರಂಭದಲ್ಲಿ ಹೊಸ ನಟ ಪ್ರಶಸ್ತಿ ಪಡೆದು ಅವರು ವೇದಿಕೆಯಲ್ಲಿ ಹೆತ್ತವರ ಕಡೆ ತಿರುಗಿ ಮಾತಾಡಿದರು. ನನ್ನಂಥ ಮಗ ಹುಟ್ಟಿದರೆ ನನಗೆ ಇಷ್ಟವೇ, ಯಾಕೆಂದರೆ ನನಗೆ ನಿಮ್ಮಂಥ ಅಪ್ಪ ಅಮ್ಮ ಇದ್ದಾರೆ ಎಂಬರ್ಥದ ಮಾತು ಅದು.

ಚಿತ್ರಕತೆ ಬರೆದವರ ಮಾತಿಗೆ ನಟನೇ ಕೊಟ್ಟ ಉತ್ತರ ಅದು. ದೇಶವೇ ಆ ಭಾಷಣ ನೋಡಿತು. ಆಮೇಲೆ ಮಾಡಿದ ಯಾವ ರೀಮೇಕ್‌ಗಾದರೂ ಈ ಉತ್ತರ ಕೈಯಲ್ಲಿತ್ತು. ಕತೆಯ ದಿಕ್ಕನ್ನೇ ತಿರುಗಿಸಬಹುದಿತ್ತು. ಹಿಂದಿಯವರು ಪ್ರಶಸ್ತಿ ಗೆದ್ದ ಚಿತ್ರದ ಕತೆಯನ್ನು ತಂದರು, ಪ್ರಶಸ್ತಿ ಗೆದ್ದವನ ಮಾತನ್ನು ತರಲಿಲ್ಲ.

ಮತ್ತೆ ಗೆದ್ದದ್ದು ಹೇಗೆ?

ರೀಮೇಕ್ ವ್ಯಾಪಾರ ನಿಂತಿದ್ದದ್ದು ಒಂದೇ ಲೆಕ್ಕದ ಮೇಲೆ: ನೋಡುಗನಿಗೆ ಮೂಲ ಸಿಗುವುದಿಲ್ಲ. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. 1960ರ ದಶಕದಿಂದ ನಮ್ಮಲ್ಲಿ ಡಬ್ಬಿಂಗ್‌ಗೆ ಕಟ್ಟುಪಾಡು ಇತ್ತು. ಪರಭಾಷೆಯ ಕತೆ ಕನ್ನಡದಲ್ಲಿ ಬೇಕೆಂದರೆ ರೀಮೇಕ್ ಒಂದೇ ದಾರಿ. ಗಾಂಧಿನಗರದಲ್ಲಿ ‘ರೀಮೇಕಾ, ಸ್ವಮೇಕಾ’ ಎಂದು ಕೇಳುವುದೇ ರೂಢಿಯಾಗಿತ್ತು. 2004ರ ‘ಆಪ್ತಮಿತ್ರ’ ಮಲಯಾಳಂ ಕತೆ ಎಂದು ಗೊತ್ತಿದ್ದೂ ಜನ ತಮ್ಮದೇ ಎಂದು ಅಪ್ಪಿಕೊಂಡರು. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವಂತಿಲ್ಲ ಎಂದಿತು. ಆಮೇಲೆ ಓಟಿಟಿ ಬಂತು, ‘ಕೆಜಿಎಫ್’, ‘ಕಾಂತಾರ’ ಡಬ್ ಆಗಿಯೇ ದೇಶ ಸುತ್ತಿದವು. ಮೂಲವೇ ಮನೆಗೆ ಬಂದಮೇಲೆ ರೀಮೇಕ್ ಯಾಕೆ?

‘ಲಾಲ್ ಸಿಂಗ್’ ಮುಳುಗಲು ಇದೂ ಒಂದು ಕಾರಣ. ‘ಫಾರೆಸ್ಟ್ ಗಂಪ್’ ನೋಡಿದವರು ಇಲ್ಲಿ ಲಕ್ಷಗಟ್ಟಲೆ ಇದ್ದರು, ಪ್ರತಿ ದೃಶ್ಯವನ್ನೂ ಅದರ ನಾಯಕ ಟಾಮ್ ಹ್ಯಾಂಕ್ಸ್ ಜೊತೆ ತೂಗಿದರು. ‘ಕಾಂಪಿಯೋನೆಸ್’ ಹೆಸರು ಟ್ರೇಲರ್‌ಗೆ ಮುಂಚೆ ನಮ್ಮಲ್ಲಿ ಬಹುಪಾಲು ಜನ ಕೇಳಿಯೇ ಇರಲಿಲ್ಲ. ಮನೆಮಂದಿಯೆಲ್ಲ ಕೂತು ನೋಡುವಂಥ ಚಿತ್ರ ಥಿಯೇಟರಿನಲ್ಲಿ ಅಪರೂಪವಾಗಿತ್ತು. ಇನ್ನೊಂದು ಕಾರಣ ಆ ಹತ್ತು ಜನ. ಟಾಮ್ ಹ್ಯಾಂಕ್ಸ್ ಪಕ್ಕ ಆಮಿರ್ ಅವರನ್ನು ಇಟ್ಟು ತೂಗಬಹುದು. ಸ್ಪೇನಿನ ಹುಡುಗನ ಪಕ್ಕ ಗೋಪಿಕೃಷ್ಣನ್ ವರ್ಮಾ ಅವರನ್ನು ಇಟ್ಟು ತೂಗಲಾಗುವುದಿಲ್ಲ. ಇಲಿ ಅದೇ ಇರಬಹುದು, ಆ ನಗೆಯ ಹದ, ಮಾತಿನ ನಡುವಿನ ತಡೆ, ಕಣ್ಣಿನ ತುಂಟತನ ಅವರದೇ. ಚಿತ್ರ ಕಾಪಿ ಎಂದವರೂ ಸರಿ, ಅತ್ತು ನಕ್ಕವರೂ ಸರಿ. ಒಬ್ಬರು ಚಿತ್ರಕತೆ ನೋಡುತ್ತಿದ್ದರು, ಇನ್ನೊಬ್ಬರು ನಟರನ್ನು ನೋಡುತ್ತಿದ್ದರು.

ಮುಂದೇನು?

ಚಿತ್ರ 2025ರ ಆಗಸ್ಟ್ 1ರಿಂದ ಯೂಟ್ಯೂಬ್‌ನಲ್ಲಿ 100 ರೂಪಾಯಿಗೆ ಬಾಡಿಗೆಗೆ ಬಂತು. ಥಿಯೇಟರ್ ಇಲ್ಲದ ಊರಿನವರೂ ನೋಡಲಿ ಎಂಬ ಲೆಕ್ಕ ಒಳ್ಳೆಯದೇ. ಆದರೆ ಇದರ ಇನ್ನೊಂದು ಪರಿಣಾಮವೂ ಇದೆ. ಮೂಲ, ರೀಮೇಕ್ ಎರಡನ್ನೂ ಒಂದೇ ಮೊಬೈಲಿನಲ್ಲಿ ಪಕ್ಕಪಕ್ಕ ಇಟ್ಟು ನೋಡುವವರು ಹೆಚ್ಚುತ್ತಾರೆ. ಮುಂದಿನ ಸಲ ದೃಶ್ಯಕ್ಕೆ ದೃಶ್ಯ ಎತ್ತಿಕೊಂಡರೆ ಟ್ರೇಲರ್ ದಿನವೇ ಅಲ್ಲ, ಹಕ್ಕು ಕೊಂಡ ಸುದ್ದಿ ಬಂದ ದಿನವೇ ಹೋಲಿಕೆ ಶುರುವಾಗಬಹುದು. ಇದರಿಂದ ನಿರ್ಮಾಪಕರು ಯಾರಿಗೂ ಗೊತ್ತಿಲ್ಲದ ದೇಶದ ಚಿತ್ರ ಹುಡುಕುವುದು ಒಂದು ದಾರಿ, ಕತೆಯನ್ನು ನಿಜಕ್ಕೂ ಇಲ್ಲಿಯದಾಗಿ ಬದಲಿಸುವುದು ಇನ್ನೊಂದು. ಮೊದಲನೆಯದು ಸುಲಭ, ಆದ್ದರಿಂದ ಅದೇ ಜಾಸ್ತಿ ಆಗುತ್ತದೆ ಎಂದು ಧಾರಾಳವಾಗಿ ಹೇಳಬಹುದು.

ಹತ್ತು ನಟರ ಮುಂದಿನ ದಾರಿ ಅಷ್ಟು ಸಲೀಸಲ್ಲ. ‘ವಿಶೇಷ’ ಎಂಬ ಹಣೆಪಟ್ಟಿ ಇಲ್ಲದ ಒಂದು ಪಾತ್ರ, ಅಂಗಡಿಯವನದ್ದೋ ಪಕ್ಕದ ಮನೆಯವನದ್ದೋ, ಅವರಲ್ಲಿ ಯಾರಿಗಾದರೂ ಸಿಕ್ಕರೆ ಮಾತ್ರ ಏನಾದರೂ ಬದಲಾಯಿತು ಎನ್ನಬಹುದು. ಸ್ಪೇನಿನವರು 2023ರಲ್ಲಿ ‘ಕಾಂಪಿಯೋನೆಕ್ಸ್’ ಎಂದು ಎರಡನೇ ಭಾಗ ಮಾಡಿದರು. ಆ ಹಳೆಯ ಕೋಚ್ ಅದರಲ್ಲಿ ಇಲ್ಲವೇ ಇಲ್ಲ. ತಂಡ ಉಳಿಯಿತು, ಸ್ಟಾರ್ ಹೋದ. ಹಿಂದಿಯಲ್ಲೂ ಎರಡನೇ ಭಾಗ ಮಾಡುವ ಯೋಚನೆ ಯಾರಿಗಾದರೂ ಬಂದರೆ, ಆಮಿರ್ ಇಲ್ಲದೆ ಈ ಹತ್ತು ಜನರ ಮೇಲೆ ದುಡ್ಡು ಹಾಕುವವರು ಸಿಗುತ್ತಾರಾ ಎಂಬುದು ಮೊದಲ ಪ್ರಶ್ನೆಯಾಗುತ್ತದೆ. ಈಗಿನ ಬಾಲಿವುಡ್ ಲೆಕ್ಕ ನೋಡಿದರೆ, ಸಿಗುವುದು ಕಷ್ಟ.